ಅರ್ಥವಾಯಿತು ಅಂತ ತಲೆಯಾಡಿಸುವ ಮುಂಚೆ

ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್, ಏನು ಅಂತ ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. ಒಬ್ಬರು ಕೆಲಸ ಬಿಟ್ಟು ಹೋಗುತ್ತಾರೆ, ಇನ್ನೊಬ್ಬರು ಆ ಜಾಗಕ್ಕೆ ಬರುತ್ತಾರೆ, ನಡುವೆ ಎರಡು ವಾರ ಇಬ್ಬರೂ ಒಂದೇ ಪರದೆ ನೋಡುತ್ತಾ ಕೂರುತ್ತಾರೆ. ಹೋಗುವವರು ಹೇಳುತ್ತಾರೆ, ಬಂದವರು ತಲೆಯಾಡಿಸುತ್ತಾರೆ. ಹತ್ತು ನಿಮಿಷಕ್ಕೊಮ್ಮೆ "ಅರ್ಥವಾಯ್ತಾ?" ಅಂತ ಪ್ರಶ್ನೆ. "ಹೂಂ, ಆಯ್ತು" ಅಂತ ಉತ್ತರ. ನಾನು ಜೀವನದಲ್ಲಿ ಅತಿ ಜಾಸ್ತಿ ಸಲ ಹೇಳಿದ ಸುಳ್ಳು ಬಹುಶಃ ಅದೇ. ಸುಳ್ಳು ಅನ್ನುವುದೂ ಪೂರ್ತಿ ಸರಿಯಲ್ಲ. ಹೇಳುವ ಹೊತ್ತಿಗೆ ನನಗೆ ನಿಜವಾಗಿಯೂ ಅರ್ಥವಾದ ಹಾಗೇ ಅನಿಸಿರುತ್ತಿತ್ತು. ತೊಂದರೆ ಇರುವುದೇ ಅಲ್ಲಿ.

ಹಸಿವು, ನಿದ್ದೆ, ಬೇಜಾರಿನ ಹಾಗೆ ಅರ್ಥವಾಗುವುದೂ ಒಂದು ಅನಿಸಿಕೆ. ಒಳಗೆ ಏನೋ ಕ್ಲಿಕ್ ಅನ್ನುತ್ತದೆ, ಹಾಯೆನಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ಆ ಅನಿಸಿಕೆಗೂ ಕೋಡ್ ನಿಜವಾಗಿ ಮಾಡುವ ಕೆಲಸಕ್ಕೂ ಸಂಬಂಧ ಇರಲೇಬೇಕು ಅಂತೇನೂ ಇಲ್ಲ. ಹಳೆಯ ಕೋಡ್ ಓದುವವರಿಗೆ ಈ ಅನಿಸಿಕೆ ಯಾವಾಗಲೂ ಸ್ವಲ್ಪ ಮುಂಚೆಯೇ ಬಂದುಬಿಡುತ್ತದೆ. ಬಸ್ ಬರುವ ಮುಂಚೆ ಹಾರ್ನ್ ಕೇಳಿಸುವ ಹಾಗೆ. ಹಾರ್ನ್ ಕೇಳಿಸಿದ ಕೂಡಲೇ ನಾನು ಹತ್ತಿಬಿಡುತ್ತಿದ್ದೆ.

ಇದನ್ನು ನನಗೆ ಕಲಿಸಿದ್ದು ಎರಡೇ ಎರಡು ಸಾಲಿನ ಕೋಡ್. ಅದರ ಕಥೆ ಹೇಳುತ್ತೇನೆ.

ಇಪ್ಪತ್ತೆಂಟು

ಪ್ರತಿ ತಿಂಗಳು ಚಂದಾದಾರರಿಗೆ ಬಿಲ್ ಹಾಕುವ ಒಂದು ಹಳೆಯ ಪ್ರೊಗ್ರಾಮ್. ರಾತ್ರಿ ಹೊತ್ತು ಎಲ್ಲ ಬಿಲ್ಲುಗಳನ್ನೂ ಒಟ್ಟಿಗೆ ಮಾಡಿ ಮುಗಿಸುವ ಬ್ಯಾಚ್ ಜಾಬ್. ಅದನ್ನು ಹೊಸ ಭಾಷೆಯಲ್ಲಿ, ಹೊಸ ಡೇಟಾಬೇಸಿನ ಮೇಲೆ ಮತ್ತೆ ಕಟ್ಟುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಬರೆದವರಲ್ಲಿ ಉಳಿದಿದ್ದು ಒಬ್ಬರೇ ಹಿರಿಯರು, ಅವರೂ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅವರು ಎರಡು ವಾರ ಕೂತು ಒಂದೊಂದೇ ಫೈಲ್ ತೋರಿಸಿದರು. ಒಳ್ಳೆಯವರು, ತಾಳ್ಮೆಯವರು. ಒಂದು ಕಡೆ ಮಾತ್ರ ಸ್ಕ್ರೋಲ್ ಮಾಡುತ್ತಾ "ಇದು ಬಿಡಿ, ಇದು ಹಾಗೇ ಇರುತ್ತೆ" ಅಂದರು. ನಾನು ಬಿಟ್ಟೆ.

ಅವರು ಹೋದ ಮೇಲೆ ಆ ಜಾಗಕ್ಕೇ ಬಂದು ನಿಂತೆ. ಅಲ್ಲಿ ಇದ್ದಿದ್ದು ಇಷ್ಟು: ಗ್ರಾಹಕರ ವರ್ಗ 'ಝಡ್' ಆಗಿದ್ದು, ಬಿಲ್ ತಾರೀಕು 28ಕ್ಕಿಂತ ದೊಡ್ಡದಾಗಿದ್ದರೆ, ತಾರೀಕನ್ನು 28 ಮಾಡು. ಅದರ ಕೆಳಗಿನ ಸಾಲು ಎಣಿಕೆ ಇಡುವ ಒಂದು ಕೌಂಟರನ್ನು ಸೊನ್ನೆ ಮಾಡುತ್ತಿತ್ತು. ಯಾಕೆ ಅಂತ ವಿವರಿಸುವ ಕಾಮೆಂಟ್ ಇಲ್ಲ.

ನನಗೆ ಅರ್ಥವಾಗಲು ಮೂರು ಸೆಕೆಂಡೂ ಬೇಕಾಗಲಿಲ್ಲ. 28 ಅಂದರೆ ಫೆಬ್ರವರಿ. 29, 30, 31ನೇ ತಾರೀಕಿಗೆ ಸೇರಿದವರಿಗೆ ಫೆಬ್ರವರಿಯಲ್ಲಿ ಆ ದಿನ ಇರುವುದಿಲ್ಲ, ಹಾಗಾಗಿ ಎಲ್ಲರನ್ನೂ 28ಕ್ಕೆ ಎಳೆದುಬಿಡುವುದು. ಬಿಲ್ಲಿಂಗ್ ಕೋಡಿನಲ್ಲಿ ಇದು ಸಾವಿರ ಕಡೆ ಕಾಣುವ ಉಪಾಯ. ಸ್ವಲ್ಪ ನಗು ಕೂಡ ಬಂತು. ತಿಂಗಳ ಕೊನೆಯ ದಿನ ಲೆಕ್ಕ ಹಾಕುವ ಸಿದ್ಧ ಫಂಕ್ಷನ್ ಈಗ ಹಲವು ಭಾಷೆಗಳಲ್ಲಿ ಇದೆ. ನಾನು ಅದನ್ನು ಹಾಕಿದೆ. ಕೌಂಟರಿನ ಸಾಲನ್ನು ಹಾಗೇ ಒಯ್ದೆ. ಅದರ ಹೆಸರು ಹಿಡಿದು ಹುಡುಕಿದಾಗ ಎಲ್ಲೂ ಬಳಕೆ ಕಾಣಲಿಲ್ಲ, ಆದರೆ ಇದ್ದರೆ ನಷ್ಟವೇನೂ ಇಲ್ಲ ಅಂದುಕೊಂಡೆ.

'ಝಡ್' ವರ್ಗಕ್ಕೆ ಮಾತ್ರ ಯಾಕೆ ಅನ್ನುವ ಪ್ರಶ್ನೆ ಬರಲಿಲ್ಲವಾ? ಬಂತು. ಅದನ್ನು ಹೇಗೆ ಕಳಿಸಿದೆ ಅಂತಲೂ ನೆನಪಿದೆ. "ಹಳೇ ಡೇಟಾ ಇರಬೇಕು" ಅಂದುಕೊಂಡೆ. ನನ್ನ ಹತ್ತಿರ ಚೆನ್ನಾಗಿ ಕೂರುವ ಒಂದು ಕಥೆ ಇತ್ತು. ಕಥೆಗೆ ಹೊಂದದ ಅರ್ಧ ಸಾಲನ್ನು ಕಥೆಗೋಸ್ಕರ ಬದಿಗೆ ತಳ್ಳಿದೆ. ಫೆಬ್ರವರಿ ಎಲ್ಲ ಗ್ರಾಹಕರಿಗೂ ಬರುತ್ತದೆ, 'ಝಡ್' ವರ್ಗದವರಿಗೆ ಮಾತ್ರ ಅಲ್ಲ. ಇಷ್ಟು ಸಣ್ಣ ವಿಷಯ ಕಣ್ಣೆದುರಿಗೇ ಇತ್ತು.

ಹಳೆಯ ಮತ್ತು ಹೊಸ ವ್ಯವಸ್ಥೆಗಳನ್ನು ಅಕ್ಕಪಕ್ಕ ಓಡಿಸಿ ಹೋಲಿಸುವ ಪ್ಯಾರಲಲ್ ರನ್ ಶುರುವಾಯಿತು. ಮೊದಲ ತಿಂಗಳಾಂತ್ಯಕ್ಕೇ ನಲವತ್ತಕ್ಕಿಂತ ಜಾಸ್ತಿ ಬಿಲ್‌ಗಳ ತಾರೀಕು ಬೇರೆ ಬೇರೆ ಬಂತು. ಎಲ್ಲವೂ 'ಝಡ್'. ನಾನು ವರದಿಯಲ್ಲಿ ಏನು ಬರೆದೆ ಗೊತ್ತಾ? "ಹಳೆಯ ವ್ಯವಸ್ಥೆಯಲ್ಲಿ ಬಗ್ ಇದೆ, ಹೊಸದು ಸರಿಯಾಗಿದೆ." ಈಗಲೂ ಆ ವಾಕ್ಯ ನೆನಪಾದರೆ ಕಿವಿ ಬಿಸಿಯಾಗುತ್ತದೆ. 31 ದಿನದ ತಿಂಗಳಲ್ಲೂ ಅವರಿಗೆ 28ಕ್ಕೇ ಬಿಲ್ ಹೋಗುತ್ತಿದೆ ಅಂದರೆ ಇದು ಫೆಬ್ರವರಿಯ ವಿಷಯವೇ ಅಲ್ಲ ಅಂತ ಕೋಡ್ ಕೂಗಿ ಹೇಳುತ್ತಿತ್ತು. ನಾನು ಕೋಡನ್ನೇ ತಪ್ಪು ಅಂದೆ.

ಸರಿಯಾದ ಉತ್ತರ ಕೊಟ್ಟವರು ಪ್ರೊಗ್ರಾಮರ್ ಅಲ್ಲ. ರಾತ್ರಿ ಪಾಳಿಯಲ್ಲಿ ಜಾಬುಗಳನ್ನು ನೋಡಿಕೊಳ್ಳುವ ಆಪರೇಟರ್ ಒಬ್ಬರು. ನನ್ನ ವರದಿ ನೋಡಿ ಫೋನ್ ಮಾಡಿದರು. "ಸರ್, ಝಡ್ ಬೇರೆ ಫೈಲಿನಲ್ಲಿ ಹೋಗ್ತಿತ್ತಲ್ಲ. ಲೆಕ್ಕಪತ್ರದವರು 28ರ ಸಂಜೆ ತಿಂಗಳ ಲೆಕ್ಕ ಮುಚ್ಚುತ್ತಿದ್ದರು. ಆಮೇಲಿನ ತಾರೀಕು ಇದ್ದರೆ ಮುಂದಿನ ತಿಂಗಳಿಗೆ ಬೀಳುತ್ತಿತ್ತು." ಅಷ್ಟೇ. 28 ಬಂದಿದ್ದು ಕ್ಯಾಲೆಂಡರಿನಿಂದ ಅಲ್ಲ, ಇನ್ನೊಂದು ವಿಭಾಗದ ಗಡುವಿನಿಂದ. ಎರಡೂ ಒಂದೇ ಸಂಖ್ಯೆ ಆಗಿದ್ದು ಬರೀ ಕಾಕತಾಳೀಯ. ಕಾರಣ ಕೋಡಿನೊಳಗೆ ಇರಲೇ ಇಲ್ಲ, ರಾತ್ರಿ ಜಾಬುಗಳ ವೇಳಾಪಟ್ಟಿಯಲ್ಲಿತ್ತು. ಎಷ್ಟು ಸಲ ಫೈಲ್ ಓದಿದ್ದರೂ ಸಿಗುತ್ತಿರಲಿಲ್ಲ.

ಕಥೆ ಇಲ್ಲಿಗೂ ಮುಗಿಯಲಿಲ್ಲ. ಅವರೇ ಮುಂದುವರಿಸಿದರು: "ಲೆಕ್ಕಪತ್ರದ ಆ ಸಿಸ್ಟಮ್ ನಿಲ್ಲಿಸಿ ಎಷ್ಟೋ ವರ್ಷ ಆಯ್ತು ಬಿಡಿ." ಮತ್ತೆ ಕ್ಲಿಕ್! ಕಾರಣವೇ ಹೋಗಿದೆ ಅಂದ ಮೇಲೆ ಸಾಲನ್ನೂ ತೆಗೆಯಬಹುದು. ಅಂದರೆ ನನ್ನ ಹೊಸ ಕೋಡ್ ತಪ್ಪು ಕಾರಣಕ್ಕೆ ಬರೆದ ಸರಿಯಾದ ಕೋಡ್. ಖುಷಿಯಾಯಿತು. ಆ ಖುಷಿ ಎರಡು ದಿನ ಇತ್ತು. ಗ್ರಾಹಕರ ದೂರು ನೋಡಿಕೊಳ್ಳುವವರ ಹತ್ತಿರ ಸುಮ್ನೆ ಒಂದು ಮಾತು ಕೇಳಿದೆ. 'ಝಡ್' ವರ್ಗದಲ್ಲಿ ಇದ್ದವು ಹೆಚ್ಚಾಗಿ ಸಂಸ್ಥೆಗಳು. ವರ್ಷಗಟ್ಟಲೆ 28ಕ್ಕೇ ಬಿಲ್ ಬಂದಿದ್ದರಿಂದ ಅವು ತಮ್ಮ ಪಾವತಿಯನ್ನೂ ಆ ತಾರೀಕಿಗೇ ಹೊಂದಿಸಿಕೊಂಡಿದ್ದವು. ತಾರೀಕು ಸರಿಸಿದರೆ ಪಾವತಿ ತಪ್ಪುತ್ತದೆ. ಮೊದಲ ಕಾರಣ ಸತ್ತಿತ್ತು. ಅದರ ನೆರಳಿನಲ್ಲಿ ಎರಡನೆಯ ಕಾರಣ ಬೆಳೆದು ನಿಂತಿತ್ತು.

ಒಂದೇ ಸಾಲಿಗೆ ಮೂರು ಸಲ "ಅರ್ಥವಾಯಿತು" ಅಂದಿದ್ದೆ. ಮೂರು ಸಲವೂ ಅನಿಸಿಕೆ ಒಂದೇ ತರಹ ಇತ್ತು. ಸುಳ್ಳಾದಾಗಿನದಕ್ಕೂ ನಿಜವಾದಾಗಿನದಕ್ಕೂ ಒಳಗಿನಿಂದ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ನನಗೆ ಇವತ್ತಿಗೂ ಕಾಡುವುದು ಅದೇ.

ದಾರಿದೀಪಗಳು ದಾರಿ ತಪ್ಪಿಸುವಾಗ

ಪ್ರೊಗ್ರಾಮರುಗಳು ಕೋಡನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವುದನ್ನೇ ಅಧ್ಯಯನ ಮಾಡಿದ ಜನ ಇದ್ದಾರೆ. ರೂವೆನ್ ಬ್ರೂಕ್ಸ್ ಅನ್ನುವವರು 1983ರಲ್ಲಿ ಹೇಳಿದ್ದು ನನ್ನ ಅನುಭವಕ್ಕೆ ತುಂಬ ಹತ್ತಿರ. ನಾವು ಕೋಡನ್ನು ಸಾಲುಸಾಲಾಗಿ ಓದಿ ಮೇಲಕ್ಕೆ ಏರುವುದಿಲ್ಲ. ಮೊದಲೇ ಒಂದು ಊಹೆ ಇಟ್ಟುಕೊಂಡು ಕೆಳಗಿಳಿಯುತ್ತೇವೆ. ಊಹೆಗೆ ಒಪ್ಪುವ ಗುರುತುಗಳನ್ನು ಹುಡುಕುತ್ತೇವೆ. ಆ ಗುರುತುಗಳನ್ನು ಅವರು ದಾರಿದೀಪ ಅನ್ನುವ ಅರ್ಥದ ಪದದಿಂದ ಕರೆದರು. ಎರಡು ಮೌಲ್ಯಗಳನ್ನು ಅದಲುಬದಲು ಮಾಡುವ ಮೂರು ಸಾಲು ಕಂಡರೆ ಅನುಭವಿಗಳು "ಓ, ಇದು ಸಾರ್ಟಿಂಗ್", ಅಂದರೆ ಕ್ರಮವಾಗಿ ಜೋಡಿಸುವ ಕೋಡ್, ಅನ್ನುತ್ತಾರೆ. ಮಿಕ್ಕಿದ್ದನ್ನು ಓದುವ ಮುಂಚೆಯೇ ಅನ್ನುತ್ತಾರೆ. ನನಗೆ 28 ಅಂಥದ್ದೇ ದೀಪವಾಗಿತ್ತು.

ಇದರ ಪಕ್ಕದಲ್ಲೇ 1984ರ ಇನ್ನೊಂದು ಪ್ರಯೋಗ ಇಡಬೇಕು. ಎಲಿಯಟ್ ಸೊಲೊವೇ ಮತ್ತು ಕೇಟ್ ಎರ್ಲಿಕ್ ಅನುಭವಿಗಳಿಗೂ ಹೊಸಬರಿಗೂ ಸಣ್ಣ ಪ್ರೊಗ್ರಾಮುಗಳನ್ನು ಕೊಟ್ಟು ಬಿಟ್ಟ ಸಾಲು ತುಂಬಿಸಲು ಹೇಳಿದರು. ಕೆಲವು ಪ್ರೊಗ್ರಾಮುಗಳು ಎಲ್ಲರೂ ಬರೆಯುವ ರೂಢಿಯಲ್ಲೇ ಇದ್ದವು. ಕೆಲವು ರೂಢಿ ಮುರಿದಿದ್ದವು. ಮೌಲ್ಯ ಹಿಡಿದಿಡುವ ವೇರಿಯಬಲ್ಲಿನ ಹೆಸರು ಹೇಳುವುದು ಒಂದು, ಅದು ಮಾಡುವುದು ಇನ್ನೊಂದು, ಆ ತರಹ. ಓಡಿಸಿದರೆ ಎರಡೂ ಸರಿಯಾಗಿಯೇ ಓಡುವ ಪ್ರೊಗ್ರಾಮುಗಳು. ರೂಢಿಯ ಕೋಡಿನಲ್ಲಿ ಅನುಭವಿಗಳು ಬಹಳ ಮುಂದಿದ್ದರು. ರೂಢಿ ಮುರಿದ ಕೂಡಲೇ ಹೆಚ್ಚುಕಡಿಮೆ ಹೊಸಬರ ಮಟ್ಟಕ್ಕೆ ಇಳಿದರು. ಅಂದರೆ ಅನುಭವ ಅನ್ನುವುದರಲ್ಲಿ ದೊಡ್ಡ ಪಾಲು, ಸರಿಯಾಗಿ ನೋಡದೆಯೇ ಸರಿಯಾಗಿ ಊಹಿಸುವ ಶಕ್ತಿ. ಒಳ್ಳೆಯ ಕೋಡಿನಲ್ಲಿ ಅದು ವರ. ಇಪ್ಪತ್ತು ವರ್ಷ ಹತ್ತಾರು ಜನರ ಕೈ ಹಾಯ್ದ ಕೋಡಿನಲ್ಲಿ ಅದೇ ಶಕ್ತಿ ನಮ್ಮನ್ನು ಹಳ್ಳಕ್ಕೆ ಕೊಂಡೊಯ್ಯುತ್ತದೆ. ಹೊಸಬರಾದರೆ 'ಝಡ್' ಯಾಕೆ ಅಂತ ಕೇಳಿಬಿಡುತ್ತಿದ್ದರೇನೋ. ನಾನು ಕೇಳಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು!

ಈ ಓದುವ ಕೆಲಸ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಅಳತೆಯೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 78 ವೃತ್ತಿಪರ ಪ್ರೊಗ್ರಾಮರುಗಳ 3,148 ಗಂಟೆಗಳ ಕೆಲಸ ಗಮನಿಸಿದರು. ಅದರಲ್ಲಿ ಸರಾಸರಿ ಶೇ 58ರಷ್ಟು ಹೊತ್ತು ಹೋಗಿದ್ದು ಇರುವ ಕೋಡನ್ನು ಅರ್ಥ ಮಾಡಿಕೊಳ್ಳುವುದಕ್ಕೇ. ಅರ್ಧಕ್ಕಿಂತ ಜಾಸ್ತಿ. ಆದರೆ ನಮ್ಮ ಅಂದಾಜುಪಟ್ಟಿಗಳಲ್ಲಿ ಈ ಕೆಲಸಕ್ಕೆ ಒಂದು ಸಾಲು ಕೂಡ ಇರುವುದಿಲ್ಲ. "ಇವತ್ತು ಏನು ಮಾಡಿದಿರಿ?" ಅಂತ ಬೆಳಗಿನ ಮೀಟಿಂಗಿನಲ್ಲಿ ಕೇಳಿದಾಗ "ಓದಿದೆ" ಅಂತ ಹೇಳಲು ನಮಗೇ ನಾಚಿಕೆ. ಹಾಗಾಗಿ ಬೇಗ ಅರ್ಥವಾಗಲೇಬೇಕು. ಬೇಗ ಅರ್ಥವಾಗಿಬಿಡುತ್ತದೆ ಕೂಡ.

ಯುನಿಕ್ಸಿನ ಒಂದು ಕಾಮೆಂಟ್

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. 1975ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮಿನ ಆರನೇ ಆವೃತ್ತಿಯಲ್ಲಿ, ಓಡುತ್ತಿರುವ ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗದಲ್ಲಿ ಒಂದು ಪ್ರಸಿದ್ಧ ಕಾಮೆಂಟ್ ಇದೆ. ಇದು ನಿಮಗೆ ಅರ್ಥವಾಗಲಿ ಅಂತ ನಿರೀಕ್ಷೆ ಇಲ್ಲ ಅನ್ನುವುದು ಅದರ ಸಾರ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಆ ಇಡೀ ಕೋಡಿಗೆ ಸಾಲುಸಾಲಿನ ವಿವರಣೆ ಬರೆದರು. ಹಾಗೆ ಓದಿದ ಒಂದು ತಲೆಮಾರು ಈ ಕಾಮೆಂಟನ್ನು ಸೊಕ್ಕಿನ ಮಾತು ಅಂದುಕೊಂಡು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡಿತು.

ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಆಮೇಲೆ ಕೊಟ್ಟ ವಿವರಣೆ ನನಗೆ ತುಂಬ ಇಷ್ಟ. ಅದು ಸೊಕ್ಕಲ್ಲ, "ಇದು ಪರೀಕ್ಷೆಗೆ ಬರುವುದಿಲ್ಲ" ಅನ್ನುವ ಧಾಟಿಯದ್ದು ಅಂದರು. ಜೊತೆಗೆ, ನಿಜವಾದ ಸಮಸ್ಯೆ ಅಂದರೆ ಅಲ್ಲಿ ಏನಾಗುತ್ತಿದೆ ಅಂತ ತಮಗೂ ಪೂರ್ತಿ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡರು. ಆ ವಿಧಾನವೇ ಬುಡದಲ್ಲಿ ತಪ್ಪಾಗಿತ್ತು. ಪಿಡಿಪಿ-11 ಯಂತ್ರದಲ್ಲಿ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಎಲ್ಲ ಫಂಕ್ಷನ್ನುಗಳಿಂದಲೂ ಒಂದೇ ರೀತಿ ಹಿಂದಿರುಗುತ್ತಿದ್ದ ಕಾರಣ ಅದು ಹೇಗೋ ಓಡುತ್ತಿತ್ತು. ಯುನಿಕ್ಸನ್ನು ಇಂಟರ್‌ಡೇಟಾ ಅನ್ನುವ ಬೇರೆ ಯಂತ್ರಕ್ಕೆ ಒಯ್ಯುವಾಗ ಅಲ್ಲಿನ ಕಂಪೈಲರ್ ಹಾಗಿರಲಿಲ್ಲ. ಆಗ ಗುಟ್ಟು ಹೊರಬಿತ್ತು.

ಬರೆದವರಿಗೇ ಗೊತ್ತಿಲ್ಲದ ಕಾರಣಕ್ಕೆ ಓಡುವ ಕೋಡ್ ಕೂಡ ಇರುತ್ತದೆ ಅನ್ನುವುದು ನನಗೆ ಸಮಾಧಾನದ ಮಾತು. ಮೂಲ ಲೇಖಕರನ್ನು ಹಿಡಿದು ಕೇಳಿದರೆ ಎಲ್ಲ ಬಗೆಹರಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ಹಾಗೇನಿಲ್ಲ. ಕೋಡ್ ಜಾಗ ಬದಲಿಸುವ ದಿನ ಮಾತ್ರ ಕೆಲವು ಗುಟ್ಟು ಬಿಚ್ಚಿಕೊಳ್ಳುತ್ತವೆ. ಹಳೆಯ ಕೋಡನ್ನು ಹೊಸ ರೂಪಕ್ಕೆ ತರುವ ರೀಇಂಜಿನಿಯರಿಂಗ್ ಅಂದರೆ ಅಂಥ ದಿನಗಳ ಸಾಲು. 1990ರಲ್ಲಿ ಎಲಿಯಟ್ ಚಿಕೋಫ್ಸ್ಕಿ ಮತ್ತು ಜೇಮ್ಸ್ ಕ್ರಾಸ್ ಇಂಥ ಪದಗಳಿಗೆಲ್ಲ ಒಂದು ಅರ್ಥ ಗೊತ್ತುಮಾಡಿ ಕೊಟ್ಟಿದ್ದರು. ಅವರ ಪ್ರಕಾರ ಮೊದಲು ಇರುವುದನ್ನು ಪರೀಕ್ಷಿಸಿ ಅದರ ವಿನ್ಯಾಸ ಹೊರತೆಗೆಯಬೇಕು, ಆಮೇಲೆ ಹೊಸ ರೂಪ ಕೊಡಬೇಕು. ನಾವು ಯೋಜನೆಗಳಲ್ಲಿ ಮಾಡುವುದು ತಲೆಕೆಳಗು. ಮೊದಲು ಹೊಸ ರೂಪ ಕೊಡುತ್ತೇವೆ. ಪ್ಯಾರಲಲ್ ರನ್ ಒದ್ದಾಗ ಪರೀಕ್ಷಿಸುತ್ತೇವೆ.

40 ಸೆಕೆಂಡು

ಕಾರಣ ಸತ್ತ ಕೋಡನ್ನು ಹಾಗೇ ಒಯ್ದರೆ ಏನಾಗಬಹುದು ಅನ್ನುವುದಕ್ಕೆ ಇನ್ನೊಂದು ತುದಿಯ ಉದಾಹರಣೆ ಇದೆ. 1996ರ ಜೂನ್ 4. ಯುರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ. 40 ಸೆಕೆಂಡಿನೊಳಗೆ ದಾರಿ ತಪ್ಪಿ ಒಡೆದು ಚೂರಾಯಿತು. ಕಥೆಯ ಮೇಲ್ಭಾಗ ಎಲ್ಲರಿಗೂ ಗೊತ್ತು: 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕಲು ಹೋದರು, ಹಿಡಿಸಲಿಲ್ಲ. ತರಗತಿಗಳಲ್ಲಿ ಇದನ್ನು ಓವರ್‌ಫ್ಲೋ ಪಾಠವಾಗಿ ಹೇಳುತ್ತಾರೆ. ತನಿಖಾ ವರದಿ ಓದಿದರೆ ಅದು ಕೋಡ್ ಅರ್ಥ ಮಾಡಿಕೊಳ್ಳುವ ಪಾಠವಾಗಿ ಕಾಣುತ್ತದೆ. (ಆ ತನಿಖಾ ಮಂಡಳಿಯ ಅಧ್ಯಕ್ಷರ ಹೆಸರೂ ಲಯನ್ಸ್, ಗಣಿತಜ್ಞ ಜಾಕ್-ಲೂಯಿ ಲಯನ್ಸ್. ಯುನಿಕ್ಸಿನ ಲಯನ್ಸ್ ಬೇರೆ. ನನಗೆ ಬಹಳ ದಿನ ಗೊಂದಲ ಇತ್ತು.)

ತಪ್ಪಿದ ಆ ಲೆಕ್ಕ ಇದ್ದಿದ್ದು ರಾಕೆಟ್ ಹಾರುವ ಮುಂಚೆ ದಿಕ್ಕು ಹೊಂದಿಸಿಕೊಳ್ಳುವ ಭಾಗದಲ್ಲಿ. ನೆಲ ಬಿಟ್ಟ ಮೇಲೆ ಅದರಿಂದ ಏನೂ ಉಪಯೋಗ ಇಲ್ಲ. ಆದರೂ ಹಾರಿದ ಮೇಲೆ ಸುಮಾರು 40 ಸೆಕೆಂಡು ಅದು ಓಡುತ್ತಲೇ ಇರುತ್ತಿತ್ತು. ಯಾಕೆ? ಹಿಂದಿನ ಏರಿಯಾನ್ ರಾಕೆಟ್ಟುಗಳಲ್ಲಿ ಕೊನೆಯ ಕ್ಷಣಕ್ಕೆ ಎಣಿಕೆ ನಿಂತರೆ ಮತ್ತೆ ಬೇಗ ಶುರು ಮಾಡಲು ಅದು ಬೇಕಾಗಿತ್ತು. ಏರಿಯಾನ್-5ರಲ್ಲಿ ತಯಾರಿಯ ಕ್ರಮವೇ ಬೇರೆ, ಅಲ್ಲಿ ಆ ಅಗತ್ಯ ಇರಲಿಲ್ಲ. ಏರಿಯಾನ್-4ರಲ್ಲಿ ಚೆನ್ನಾಗಿ ಓಡಿದ್ದನ್ನು ಮುಟ್ಟುವುದು ಬೇಡ ಅಂತ ಹಾಗೇ ಇಟ್ಟರು. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ತುಂಬ ಜಾಸ್ತಿ. ಅಲ್ಲಿಗೆ ಆಯಿತು. ಜೊತೆಗಿದ್ದ ಎರಡನೇ ಕಂಪ್ಯೂಟರಿನಲ್ಲೂ ಅದೇ ಕೋಡ್ ಇದ್ದಿದ್ದರಿಂದ ಅದೂ ಅದೇ ಕಾರಣಕ್ಕೆ ನಿಂತಿತು.

ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿವರ ಇದು. ಹೀಗೆ ತುಂಬಿ ಹರಿಯಬಹುದಾದ ವೇರಿಯಬಲ್‌ಗಳು ಏಳು. ನಾಲ್ಕಕ್ಕೆ ರಕ್ಷಣೆ ಹಾಕಿದ್ದರು, ಮೂರಕ್ಕೆ ಹಾಕಿರಲಿಲ್ಲ. ಮರೆತಿದ್ದಲ್ಲ, ಯೋಚಿಸಿಯೇ ಬಿಟ್ಟಿದ್ದು. ಆ ಮೂರು ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ ಅಂತ ಲೆಕ್ಕ ಹಾಕಿ ಎಲ್ಲರೂ ಒಪ್ಪಿದ್ದರು. ಏರಿಯಾನ್-4ರ ಮಟ್ಟಿಗೆ ಅದು ಸರಿ ಕೂಡ. ಆದರೆ ಯಾಕೆ ಬಿಟ್ಟೆವು ಅನ್ನುವುದು ಸೋರ್ಸ್ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ರಕ್ಷಣೆ ಇಲ್ಲದ ಮೂರು ವೇರಿಯಬಲ್ ನೋಡಿದವರಿಗೆ ಏನು ಅನಿಸಬೇಕು? ಮಿಕ್ಕ ನಾಲ್ಕಕ್ಕೆ ಇದೆ, ಅಂದರೆ ಯಾರೋ ಯೋಚಿಸಿದ್ದಾರೆ, ಸರಿಯಾಗಿಯೇ ಇರಬೇಕು. ಯೋಚಿಸಿದ್ದಂತೂ ನಿಜ. ಬೇರೆ ರಾಕೆಟ್ಟಿನ ಬಗ್ಗೆ.

ನನ್ನ 28ನ್ನು ಇದರ ಪಕ್ಕದಲ್ಲಿಟ್ಟು ನೋಡುತ್ತಿರುತ್ತೇನೆ. ಎರಡರಲ್ಲೂ ಕಾರಣ ಸತ್ತಿತ್ತು, ಕೋಡ್ ಬದುಕಿತ್ತು. ಒಂದು ಕಡೆ ಉಳಿಸಿಕೊಂಡಿದ್ದೇ ತಪ್ಪಾಯಿತು, ಇನ್ನೊಂದು ಕಡೆ ತೆಗೆದಿದ್ದರೆ ತಪ್ಪಾಗುತ್ತಿತ್ತು. "ಓಡುವುದನ್ನು ಮುಟ್ಟಬೇಡ" ಅನ್ನುವವರಿಗೂ, "ಗೊತ್ತಿಲ್ಲದ್ದನ್ನು ಕಿತ್ತು ಹಾಕು" ಅನ್ನುವವರಿಗೂ ನನ್ನ ಹತ್ತಿರ ಒಂದೊಂದು ಉದಾಹರಣೆ ಇದೆ. ಹಾಗಾಗಿ ಎರಡೂ ಕಡೆಯವರು ನನ್ನನ್ನು ಚರ್ಚೆಗೆ ಕರೆಯುವುದಿಲ್ಲ.

ಮೊದಲೇ ಬರೆದಿಡುವುದು

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ದೊಡ್ಡದೇನಲ್ಲ. ಒಂದು ನೋಟ್‌ಬುಕ್. ಕೋಡ್ ಓದಿ ಅರ್ಥವಾಯಿತು ಅನಿಸಿದ ಕೂಡಲೇ ಮುಂದೆ ಹೋಗುವುದಿಲ್ಲ. "ಈ ಇನ್‌ಪುಟ್ ಕೊಟ್ಟರೆ ಇಂಥದ್ದು ಬರುತ್ತದೆ" ಅಂತ ಪೆನ್ನಿನಲ್ಲಿ ಬರೆಯುತ್ತೇನೆ. ಆಮೇಲೆ ಓಡಿಸುತ್ತೇನೆ. ಕೀಲಿಮಣೆಯಲ್ಲಿ ಬರೆದರೆ ಆಮೇಲೆ ತಿದ್ದಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಪೆನ್ನಾದರೆ ತಪ್ಪು ಹಾಗೇ ಉಳಿಯುತ್ತದೆ. ಮೊದಮೊದಲು ಅರ್ಧಕ್ಕರ್ಧ ತಪ್ಪಾಗುತ್ತಿತ್ತು. ಬೇಜಾರಾಗುತ್ತಿತ್ತು. ಬರಬರುತ್ತಾ ತಪ್ಪಾದ ಪುಟಗಳೇ ಉಪಯೋಗಕ್ಕೆ ಬರುವುದು ಅಂತ ಗೊತ್ತಾಯಿತು. ಊಹೆ ಸರಿಯಾದರೆ ನನಗೆ ಹೊಸದೇನೂ ಸಿಗುವುದಿಲ್ಲ. ತಪ್ಪಾದ ಕಡೆಯಲ್ಲೇ ಕೋಡ್ ನನಗೆ ಏನೋ ಹೇಳುತ್ತಿರುತ್ತದೆ.

28ರ ವಿಷಯದಲ್ಲಿ ಇಷ್ಟೇ ಮಾಡಿದ್ದರೆ ಸಾಕಿತ್ತು. "ಝಡ್ ಗ್ರಾಹಕ, ಜನವರಿ 31, ಬಿಲ್ ತಾರೀಕು 31" ಅಂತ ಬರೆದು ಹಳೆಯ ಪ್ರೊಗ್ರಾಮನ್ನು ಒಂದು ಸಲ ಓಡಿಸಿದ್ದರೆ 28 ಬರುತ್ತಿತ್ತು. ಐದು ನಿಮಿಷದ ಕೆಲಸ. ನಾನು ಮಾಡಲಿಲ್ಲ, ಯಾಕೆಂದರೆ ಅರ್ಥವಾಗಿದ್ದನ್ನು ಯಾರು ಓಡಿಸಿ ನೋಡುತ್ತಾರೆ?

ಇದರ ದೊಡ್ಡಣ್ಣ ಒಂದಿದೆ. ಹಳೆಯ ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ, ಸರಿಯೋ ತಪ್ಪೋ ನೋಡದೆ, ಟೆಸ್ಟುಗಳಾಗಿ ಬರೆದಿಡುವುದು. ಸ್ವಭಾವ ದಾಖಲೆಯ ಟೆಸ್ಟ್ ಅನ್ನಬಹುದು. ಮಾಮೂಲಿ ಟೆಸ್ಟು ಕೋಡ್ ಹೇಗಿರಬೇಕು ಅಂತ ಹೇಳುತ್ತದೆ, ಇದು ಹೇಗಿದೆ ಅಂತ ಹೇಳುತ್ತದೆ. ಬರೆಯುವ ವಿಧಾನ ತಮಾಷೆಯಾಗಿದೆ. ಬೇಕೆಂದೇ ತಪ್ಪು ಉತ್ತರ ಹಾಕಿ ಓಡಿಸಬೇಕು. ಟೆಸ್ಟು ಸೋತು "ಬಂದಿದ್ದು ಇಷ್ಟು" ಅಂತ ತೋರಿಸುತ್ತದೆ. ಆ ಸಂಖ್ಯೆಯನ್ನೇ ಎತ್ತಿ ಉತ್ತರವಾಗಿ ಹಾಕಬೇಕು. ಮೊದಲ ಸಲ ಮಾಡಿದಾಗ ನಕಲು ಹೊಡೆದ ಹಾಗೆ ಅನಿಸಿತು. ಆದರೆ ಈ ಟೆಸ್ಟುಗಳು ಇಲ್ಲದೆ ಹಳೆಯ ಕೋಡಿಗೆ ಕೈ ಹಾಕುವುದಕ್ಕೆ ಈಗ ನನಗೆ ಧೈರ್ಯ ಬರುವುದಿಲ್ಲ.

ಇನ್ನು ಇತಿಹಾಸ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ ಗಿಟ್. ಅದಕ್ಕೆ ಬ್ಲೇಮ್ ಅನ್ನುವ ಆದೇಶ ಕೊಟ್ಟರೆ ಆ ಸಾಲನ್ನು ಕೊನೆಯದಾಗಿ ಮುಟ್ಟಿದವರ ಹೆಸರು ಬರುತ್ತದೆ. ಹಳೆಯ ಕೋಡಿನಲ್ಲಿ ಬಹುಮಟ್ಟಿಗೆ ಅದು ಯಾವುದೋ ದಿನ ಇಡೀ ಫೈಲಿನ ಖಾಲಿ ಜಾಗ ಸರಿಪಡಿಸಿದ ಪುಣ್ಯಾತ್ಮರದ್ದು. ಹಾಗಾಗಿ ನಾನು ಗಿಟ್ ಲಾಗ್‌ಗೆ ಮೈನಸ್ ದೊಡ್ಡ ಎಸ್ ಕೊಟ್ಟು, ಆ ತುಣುಕು ಮೊದಲು ಯಾವ ಬದಲಾವಣೆಯಲ್ಲಿ, ಅಂದರೆ ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕುತ್ತೇನೆ. ಜೊತೆಗೆ ಬಂದ ಬೇರೆ ಫೈಲುಗಳನ್ನು ನೋಡುತ್ತೇನೆ. ಕಮಿಟ್ ಸಂದೇಶ "ಫಿಕ್ಸ್" ಅಂತಷ್ಟೇ ಇದ್ದರೂ, ಅದೇ ದಿನ ಜಾಬ್ ವೇಳಾಪಟ್ಟಿಯ ಫೈಲೂ ಬದಲಾಗಿದ್ದರೆ ಅದೇ ದೊಡ್ಡ ಸುಳಿವು. ನನ್ನ ಆ ಪ್ರೊಗ್ರಾಮ್ ಗಿಟ್‌ಗೆ ಬರುವಾಗ ಇತಿಹಾಸ ಎಲ್ಲ ಬಿಟ್ಟು ಬಂದಿತ್ತು. ಮೊದಲ ಕಮಿಟ್‌ನಲ್ಲೇ ಎಲ್ಲ ಸಾಲೂ ಹುಟ್ಟಿದ್ದವು. ಅನಾಥ ಮಕ್ಕಳ ಹಾಗೆ.

ಯಾರ ತಲೆಯಲ್ಲಿ

ಡೆನ್ಮಾರ್ಕಿನ ಪೀಟರ್ ನೌರ್, ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2005ರಲ್ಲಿ ಪಡೆದವರು, 1985ರಲ್ಲೇ ಒಂದು ಮಾತು ಹೇಳಿದ್ದರು. ಪ್ರೊಗ್ರಾಮ್ ಅಂದರೆ ಬರೆದ ಪಠ್ಯ ಅಲ್ಲ, ಬರೆದವರ ತಲೆಯಲ್ಲಿ ಬೆಳೆದ ತಿಳಿವಳಿಕೆ. ಅವರು ಕೊಡುವ ಉದಾಹರಣೆ ಒಂದು ಕಂಪೈಲರಿನದ್ದು. ಒಂದು ಗುಂಪು ಅದನ್ನು ಚೆನ್ನಾಗಿ ಕಟ್ಟಿತು. ಇನ್ನೊಂದು ಗುಂಪು ಅದನ್ನು ವಿಸ್ತರಿಸಲು ಪಡೆಯಿತು. ಪೂರ್ತಿ ಕೋಡ್, ಪೂರ್ತಿ ದಾಖಲೆ, ಮೊದಲ ಗುಂಪಿನ ಸಲಹೆ, ಎಲ್ಲ ಇತ್ತು. ಆದರೂ ಎರಡನೇ ಗುಂಪು ತೋರಿಸಿದ ಬದಲಾವಣೆಗಳು ಮೂಲ ವಿನ್ಯಾಸದ ಶಕ್ತಿಯನ್ನು ಬಳಸಿಕೊಳ್ಳದೆ ಮೇಲಿಂದ ತೇಪೆ ಹಚ್ಚುವಂತೆ ಇದ್ದವು. ಮೊದಲ ಗುಂಪಿನವರು ನೋಡಿದ ಕೂಡಲೇ ಹಿಡಿದರು. ಅವರು ದೂರವಾದ ಮೇಲೆ ಹಿಡಿಯುವವರೇ ಇರಲಿಲ್ಲ.

ನೌರ್ ಇದರಿಂದ ಕಠಿಣ ತೀರ್ಮಾನಕ್ಕೆ ಬರುತ್ತಾರೆ: ತಂಡ ಚದುರಿದರೆ ಪ್ರೊಗ್ರಾಮ್ ಸತ್ತ ಹಾಗೆ, ಬರೀ ದಾಖಲೆಯಿಂದ ಅದನ್ನು ಬದುಕಿಸಲು ಆಗುವುದಿಲ್ಲ. ನಾನು ಅಷ್ಟು ದೂರ ಹೋಗುವುದಿಲ್ಲ. ನಮ್ಮಂಥವರ ಹೊಟ್ಟೆಪಾಡೇ ಸತ್ತ ಪ್ರೊಗ್ರಾಮುಗಳ ಜೊತೆ. ನನ್ನ ತಕರಾರು ಇನ್ನೊಂದು ಇದೆ. ಆ ತಿಳಿವಳಿಕೆ ಪ್ರೊಗ್ರಾಮರ್ ತಲೆಯಲ್ಲೇ ಇರುತ್ತದೆ ಅಂತ ಅವರು ನಂಬಿದ ಹಾಗಿದೆ. ನನ್ನ 28 ಇದ್ದಿದ್ದು ಆಪರೇಟರ್ ತಲೆಯಲ್ಲಿ, ಅದರ ಉಳಿದರ್ಧ ದೂರು ವಿಭಾಗದವರ ತಲೆಯಲ್ಲಿ. ನಿವೃತ್ತರಾದ ಆ ಹಿರಿಯರಿಗೆ ನಾನು ಆಮೇಲೆ ಫೋನ್ ಮಾಡಿ ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಫೆಬ್ರವರಿಗೆ ಇರಬೇಕಪ್ಪಾ" ಅಂದರು.

ಈಗಂತೂ ಕೋಡ್ ಅಂಟಿಸಿ ಕೇಳಿದರೆ ವಿವರಿಸುವ ಎಐ ಸಾಧನಗಳು ಬಂದಿವೆ. ನಾನೂ ಬಳಸುತ್ತೇನೆ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಅಂತ ನಕ್ಷೆ ಮಾಡಿಕೊಡುವುದಕ್ಕೆ, ಗೊತ್ತಿಲ್ಲದ ಹಳೆಯ ಭಾಷೆಯ ವ್ಯಾಕರಣ ಬಿಡಿಸುವುದಕ್ಕೆ ನಿಜವಾಗಿಯೂ ಚೆನ್ನಾಗಿವೆ. ಒಂದು ದಿನ ಕುತೂಹಲಕ್ಕೆ ಆ ಎರಡು ಸಾಲನ್ನು ಕೊಟ್ಟು ನೋಡಿದೆ. ಫೆಬ್ರವರಿ ಅಂತ ಹೇಳಿತು. ನನಗಿಂತ ಚೆನ್ನಾಗಿ, ಲೀಪ್ ವರ್ಷದ ಮಾತನ್ನೂ ಸೇರಿಸಿ ಹೇಳಿತು. 'ಝಡ್' ಬಗ್ಗೆ "ಬಹುಶಃ ವಿಶೇಷ ವರ್ಗದ ಗ್ರಾಹಕರು" ಅಂತ ಸೇರಿಸಿತ್ತು. ನನ್ನ "ಹಳೇ ಡೇಟಾ ಇರಬೇಕು" ಅನ್ನುವುದರ ಹೆಚ್ಚು ಸಭ್ಯ ರೂಪ. ಅದನ್ನು ಬೈಯಲು ನನಗೆ ಹಕ್ಕಿಲ್ಲ. ಆದರೆ ಹಾರ್ನ್ ಈಗ ಇನ್ನೂ ಬೇಗ, ಇನ್ನೂ ಜೋರಾಗಿ ಕೇಳಿಸುತ್ತದೆ.

ಈ ಸಲ ನಾನು

ಹೋದ ತಿಂಗಳು ನಾನು ಬೇರೆ ತಂಡಕ್ಕೆ ಹೋಗುವುದು ಅಂತಾಯಿತು. ಬಿಲ್ಲಿಂಗ್ ವ್ಯವಸ್ಥೆಯನ್ನು ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಒಪ್ಪಿಸಬೇಕು. ಎರಡು ವಾರ ಕೆಟಿ. "ಅರ್ಥವಾಯ್ತಾ?" ಅಂತ ಕೇಳಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಬದಲಿಗೆ ಒಂದು ಇನ್‌ಪುಟ್ ಕೊಟ್ಟು "ಏನು ಬರುತ್ತೆ ಹೇಳಿ" ಅನ್ನುತ್ತಿದ್ದೆ. ಮೊದಲ ದಿನ ಇದು ಇಂಟರ್‌ವ್ಯೂ ಅಂದುಕೊಂಡು ಹೆದರಿದರು. ಮೂರನೇ ದಿನದ ಹೊತ್ತಿಗೆ ತಪ್ಪು ಹೇಳಿ ನಗುತ್ತಿದ್ದರು.

28ರ ಸಾಲಿಗೆ ಬಂದೆವು. ಈಗ ಅಲ್ಲಿ ಹನ್ನೊಂದು ಸಾಲಿನ ಕಾಮೆಂಟ್ ಇದೆ, ಗಡುವು, ಸಂಸ್ಥೆಗಳು, ಪಾವತಿ ಎಲ್ಲ ಸೇರಿಸಿ. ಅವರು ಪೂರ್ತಿ ಓದಿದರು. ಆಮೇಲೆ ಕೆಳಗಿನ ಸಾಲಿಗೆ ಬೆರಳಿಟ್ಟರು. "ಈ ಕೌಂಟರ್ ಯಾಕೆ ಸೊನ್ನೆ ಮಾಡೋದು?"

"ಅದು ಬಿಡಿ, ಅದು ಏನೂ ಮಾಡಲ್ಲ" ಅಂದೆ.

ಅಂದ ಮೇಲೆ ನನಗೇ ಕೇಳಿಸಿತು. ಅದೇ ಮಾತು, ಹೆಚ್ಚುಕಡಿಮೆ ಅದೇ ಧ್ವನಿ. ಆ ಸಾಲಿಗೆ ಒಂದು ಅಕ್ಷರದ ಕಾಮೆಂಟೂ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಬಗ್ಗೆ ಒಂದು ಪುಟವೂ ಇಲ್ಲ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ.

"ಇರಿ, ತೆಗೆದು ಓಡಿಸೋಣ" ಅಂದೆ. ತೆಗೆದೆವು. ಏನಾಗುತ್ತೆ ಅಂತ ಇಬ್ಬರೂ ಬರೆದೆವು. ಇಬ್ಬರೂ "ಏನೂ ಆಗಲ್ಲ" ಅಂತಲೇ ಬರೆದಿದ್ದೆವು. ಟೆಸ್ಟುಗಳನ್ನು ಓಡಿಸಿದೆವು. ಎಲ್ಲ ಹಸಿರು, ಅಂದರೆ ಎಲ್ಲ ಪಾಸು. ನಾನು ಕುರ್ಚಿಗೆ ಒರಗಿದೆ. ಅವರು ಟೆಸ್ಟುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದಾಗಿ ನೋಡುತ್ತಾ ಹೋದರು.

"ಸರ್, ಇದರಲ್ಲಿ ಡಿಸೆಂಬರ್ ಯಾವುದು?"

ನಾನೂ ಮುಂದೆ ಬಾಗಿ ಹುಡುಕಿದೆ. ಇರಲಿಲ್ಲ.